ಮೂರು ಕಿಟಕಿಯ ದೋಣಿ ಮತ್ತು ನನ್ನ ಮಂಡಿ

ಹೋದ ವಾರ ನಮ್ಮ ಬಚ್ಚಲುಮನೆಗೆ ಹಿಡಿಕೆ ಹಾಕುವುದಕ್ಕೆ ಒಬ್ಬ ಬಂದಿದ್ದ. ಟಬ್ಬಿನಿಂದ ಏಳುವಾಗ ಹಿಡಿದುಕೊಳ್ಳುವುದಕ್ಕೆ ಗೋಡೆಗೆ ಬಿಗಿಯುತ್ತಾರಲ್ಲ, ಆ ಬಿಳೀ ಹಿಡಿಕೆ. ಬಾಗಿಲು ದಾಟಿದವನೇ ನನ್ನ ಕೂದಲು ನೋಡಿದ, ಕಾಲು ನೋಡಿದ, ಟೇಪು ತೆಗೆದು ನನ್ನ ಎತ್ತರ ಅಳೆಯುವುದಕ್ಕೇ ಬಂದ. ನನಗಲ್ಲಪ್ಪ ಎಂದು ಕೈ ಆಡಿಸಿದೆ. ಯಾರಿಗೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಎಲ್ಲಿ ಹಾಕುವುದೆಂದು ಅವನು ಪೆನ್ಸಿಲ್ ಕಚ್ಚಿಕೊಂಡು ನಿಂತಾಗ ನಾನೇ ಹೋಗಿ ಗೋಡೆಗೆ ಅಂಗೈ ಒತ್ತಿದೆ. ನೆಟ್ಟಗಲ್ಲ, ಓರೆಯಾಗಿ, ಕೆಳತುದಿ ಸೊಂಟಕ್ಕೆ, ಮೇಲ್ತುದಿ ಭುಜಕ್ಕೆ. ಅವನು ತನ್ನ ಕಾಗದ ನೋಡಿದ, ಗೋಡೆ ನೋಡಿದ, ತಲೆ ಆಡಿಸಿದ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳಿಗೆ ಇದೆಲ್ಲ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ದೋಣಿಯಿಂದ ಬಂತು.

ನಾನು ಮೈಸೂರಿನಲ್ಲಿ ಹಿಟ್ಟಿನ ಗಿರಣಿ ನಡೆಸಿದವಳು. ಗಂಡ ಹೋದ ಮೇಲೂ ನಡೆಸಿದೆ. ಮಂಡಿ ಸವೆದು ಗಿರಣಿಯ ಮೆಟ್ಟಿಲು ಹತ್ತಲಾಗದೆ ಹೋದಾಗ ಮಗಳು ಲತಾ ಬರ್ಮಿಂಗ್‌ಹ್ಯಾಮಿಗೆ ಕರೆಸಿಕೊಂಡಳು. ಮನೆ ಸೆಲ್ಲಿ ಓಕ್‌ನಲ್ಲಿ. ಅಕ್ಕಪಕ್ಕದಲ್ಲೆಲ್ಲ ಓದುವ ಮಕ್ಕಳು, ಹಿಂದುಗಡೆ ಕಾಲುವೆ. ಕಾಲುವೆಯ ನೀರಿನ ಬಣ್ಣ ನೋಡಿದರೆ ಯಾರೋ ರಾಗಿ ಅಂಬಲಿ ಕಾಯಿಸಿ ಮರೆತು ಹೋದ ಹಾಗಿದೆ. ಆ ಅಂಬಲಿಯ ಮೇಲೆ ನನ್ನ ಅಳಿಯ ಶ್ರೀಧರ ಒಂದು ದೋಣಿ ಇಟ್ಟಿದ್ದರು.

ದೋಣಿ ಎಂದರೆ ದೊಡ್ಡದೇನಲ್ಲ. ಪ್ಲಾಸ್ಟಿಕ್ಕಿನದು, ಬಿಳಿ, ನಡುವೆ ನೀಲಿ ಪಟ್ಟಿ. ಒಳಗೆ ಒಂದು ಒಲೆ, ನಾಲ್ಕು ಜನ ಮಲಗುವ ಹಲಗೆ, ನಾಲ್ಕನೆಯವನಿಗೆ ಕಾಲಿರಬಾರದು. ಪಕ್ಕಕ್ಕೆ ಮೂರು ಕಿಟಕಿ. ಮೂರನೆಯದು ಪರಂಗಿಹಣ್ಣಿನ ಹೋಳಿನಂತೆ ಓರೆ. ಅದೇ ಗುರುತು. ಇಂಥ ದೋಣಿ ಮಾಡುತ್ತಿದ್ದವರು ಅಂಗಡಿ ಮುಚ್ಚಿ ಯಾವ ಕಾಲವಾಯಿತೋ. ಉಳಿದಿರುವ ದೋಣಿಗಳು ಇಂಗ್ಲೆಂಡಿನ ಕಾಲುವೆಗಳಲ್ಲಿ ಅಲ್ಲೊಂದು ಇಲ್ಲೊಂದು. ಅವುಗಳ ಯಜಮಾನರದು ಒಂದು ವಾಟ್ಸಾಪ್ ಗುಂಪು. ಎಲ್ಲಿಯಾದರೂ ಓರೆ ಕಿಟಕಿ ಕಂಡಿತೋ, ಫೋಟೋ ತೆಗೆಯಬೇಕು, ಎಂಜಿನ್ ಯಾವುದು, ವರ್ಷ ಯಾವುದು, ಯಾವ ಊರಲ್ಲಿ ಕಂಡಿತು, ಗುಂಪಿಗೆ ಹಾಕಬೇಕು. ಅಳಿಯಂದಿರು ಸಾಲದ್ದಕ್ಕೆ ಒಂದು ನೋಟ್‌ಬುಕ್ಕಿನಲ್ಲೂ ಬರೆಯುತ್ತಿದ್ದರು, ಗೆರೆ ಎಳೆದು, ಬಣ್ಣದ ಪೆನ್ನಿನಲ್ಲಿ.

ಅಂಥ ದೋಣಿ ಎದುರಿಗೇ ಬಂದರಂತೂ ಕೇಳಬೇಡಿ. ಎರಡು ಸಲ ಹಾರನ್ನು. ಆ ಕಡೆಯಿಂದ ಎರಡು ಸಲ. ದಡಕ್ಕೆ ಕಟ್ಟಿ ಇಬ್ಬರು ಗಂಡಸರೂ ಇಳಿದು, ಮದುವೆಮನೆಯಲ್ಲಿ ಬೀಗರು ಕುಲಗೋತ್ರ ವಿಚಾರಿಸುವ ಹಾಗೆ ಶುರು. ನಿಮ್ಮದು ಯಾವ ವರ್ಷದ್ದು? ಯಾರ ಕೈಯಿಂದ ಬಂತು? ಎಂಜಿನ್ ಮೂಲದ್ದೋ ಆಮೇಲೆ ಹಾಕಿಸಿದ್ದೋ? ಒಬ್ಬರ ದೋಣಿಯೊಳಗೆ ಇನ್ನೊಬ್ಬರು ಬಗ್ಗಿ ನೋಡಿ, "ಓ, ನೀವು ಸಿಂಕು ಎಡಕ್ಕೆ ಇಟ್ಟಿದ್ದೀರಿ" ಎಂದು ಬೆರಗಾಗುವುದು. ಆ ಬೆರಗನ್ನು ಅಳಿಯ ನನ್ನ ಬಿಸಿಬೇಳೆಬಾತಿಗೆ ಒಂದು ದಿನವೂ ತೋರಿಸಿದವರಲ್ಲ.

ಇದೇ ಮನುಷ್ಯ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪಿನ ಹತ್ತಿರ ಯಾರೋ "ಲೇ, ಬೇಗ ಬಾರೇ" ಎಂದದ್ದು ಕಿವಿಗೆ ಬಿದ್ದರೆ, ಟ್ರಾಲಿ ತಿರುಗಿಸಿಕೊಂಡು ಬ್ರೆಡ್ಡಿನ ಕಡೆಗೆ ಹೋಗುವವರು. "ಅತ್ತೆ, ಮಾತಾಡ್ಸಿದ್ರೆ ಯಾವ ಊರು, ಯಾರ ಪೈಕಿ ಅಂತೆಲ್ಲ ಶುರು ಮಾಡ್ತಾರೆ" ಎನ್ನುತ್ತಿದ್ದರು. ಮನುಷ್ಯರು ಕೇಳಿದರೆ ಕಾಟ, ದೋಣಿಯವರು ಕೇಳಿದರೆ ಸ್ನೇಹ.

ಕಾಲುವೆಯಲ್ಲಿ ಮೇಲುಕೀಳೂ ಇದೆ. ಉಕ್ಕಿನ ಉದ್ದ ದೋಣಿಯವರು ಹೂಕುಂಡ ಜೋಡಿಸಿಕೊಂಡು ಗಂಭೀರವಾಗಿ ಹೋಗುತ್ತಾರೆ. ನಮ್ಮಂಥ ಪ್ಲಾಸ್ಟಿಕ್ಕಿನವಕ್ಕೆ ಅವರು ಇಟ್ಟ ಹೆಸರು ಮೊಸರು ಡಬ್ಬಿ. ಇದನ್ನು ಲತಾ ಹೇಳಿದಾಗ ನಾನು ನಕ್ಕೆ, ಅಳಿಯ ನಗಲಿಲ್ಲ. ಮೊಸರು ಡಬ್ಬಿಯವರಲ್ಲೇ ಮತ್ತೆ ಒಳಪಂಗಡ: ಮೂರು ಕಿಟಕಿಯವರು ಎರಡು ಕಿಟಕಿಯವರಿಗೆ ಹಾರನ್ನು ಮಾಡುವುದಿಲ್ಲ. ಸಮುದ್ರ ದಾಟಿದರೆ ಇದೆಲ್ಲ ತಪ್ಪುತ್ತದೆ ಎಂದು ನನಗೆ ಯಾರೋ ಹೇಳಿದ್ದರು. ಅವರು ದೋಣಿ ಇಟ್ಟವರಲ್ಲ.

ಆದರೂ ನ್ಯಾಯವಾಗಿ ಹೇಳಬೇಕು. ಆಫೀಸಿನಿಂದ ಮುಖ ಇಳಿಬಿಟ್ಟುಕೊಂಡು ಬರುವ ಮನುಷ್ಯ ಶನಿವಾರ ಅಲ್ಲಿಗೆ ಹೋದರೆ ಶಿಳ್ಳೆ ಹಾಕುತ್ತಿದ್ದರು. ಮನೆಯಲ್ಲಿ ಉಂಡ ತಟ್ಟೆ ಎತ್ತದವರು ಅಲ್ಲಿ ಪಾಯಿಖಾನೆಯ ಡಬ್ಬ ಕೈಯಲ್ಲಿ ಹಿಡಿದು ಅರ್ಧ ಮೈಲಿ ನಡೆದು ಖಾಲಿ ಮಾಡಿ ಬರುತ್ತಿದ್ದರು, ಶಿಳ್ಳೆ ಹಾಕುತ್ತಲೇ. ಎಂಜಿನ್ ಕಿರುಚಿದರೆ ಗುಂಪಿಗೆ ಬರೆದು ಎರಡು ದಿನ ಉತ್ತರಕ್ಕೆ ಕಾಯುವರು. "ಬೆಲ್ಟು ಸಡಿಲ ಆಗಿದೆ" ಎಂದು ನಾನು ಹೇಳಿದ್ದನ್ನೇ ಮೂರನೇ ದಿನ ಯಾರೋ ಅಲ್ಲಿ ಇಂಗ್ಲಿಷಿನಲ್ಲಿ ಹೇಳಿದರೆ, ಆಗ ಬಿಗಿ ಮಾಡುವರು. ಗಿರಣಿ ಬೆಲ್ಟಿನ ಜೊತೆ ನಾನು ಮೂವತ್ತು ವರ್ಷ ಸಂಸಾರ ಮಾಡಿದ್ದೆ.

ಕಷ್ಟ ಬಂದದ್ದು ನನ್ನ ಮಂಡಿಯಿಂದ. ದಡದಿಂದ ದೋಣಿಗೆ ಒಂದು ಉದ್ದ ಹೆಜ್ಜೆ, ಆಮೇಲೆ ಒಳಕ್ಕೆ ಕಡಿದಾದ ಮೂರು ಮೆಟ್ಟಿಲು. ಲತಾ ಮುಂದಿನಿಂದ ಎಳೆಯುವಳು. ಅಳಿಯ ಹಿಂದೆ ನಿಂತು, ಅತ್ತೆಯನ್ನು ತಳ್ಳಬಹುದೋ ಬಾರದೋ ತೀರ್ಮಾನವಾಗದೆ, ಎರಡೂ ಕೈ ಗಾಳಿಯಲ್ಲಿ ಹಿಡಿದುಕೊಂಡಿರುವರು. ಹೀಗೆ ದಿನಕ್ಕೆ ನಾಲ್ಕೈದು ಸಲ. ದಾರಿಯಲ್ಲಿ ಹೋಗುವವರು ನಾಯಿ ನಿಲ್ಲಿಸಿಕೊಂಡು ನೋಡುವರು.

ಒಂದು ಬೇಸಿಗೆ ಉತ್ತರದ ಕಡೆ ಹೊರಟೆವು. ಕಾರಿನಲ್ಲಿ ಎರಡು ಗಂಟೆಯಾಗುವ ಜಾಗಕ್ಕೆ ದೋಣಿಯಲ್ಲಿ ಹತ್ತು ದಿನ. ದಾರಿಯುದ್ದಕ್ಕೂ ಲಾಕುಗಳು: ದೋಣಿಯನ್ನು ಒಂದು ತೊಟ್ಟಿಯೊಳಗೆ ಬಿಟ್ಟು, ಬಾಗಿಲು ಮುಚ್ಚಿ, ನೀರು ತುಂಬಿಸಿ ಮೇಲಕ್ಕೆ ಎತ್ತುವುದು. ಅಂಥ ಒಂದು ಲಾಕಿನಲ್ಲಿ ನೀರು ತುಂಬುತ್ತಿದ್ದಾಗ, ನಾನು ಒಳಗೆ ಮಲಗಿದ್ದೇನೆ ಎಂದುಕೊಂಡು, ಗಂಡಹೆಂಡತಿ ಮೇಲೆ ನಿಂತು ಮಾತಾಡಿಕೊಂಡರು. ಪ್ಲಾಸ್ಟಿಕ್ ಗೋಡೆಯಲ್ಲಿ ಗುಟ್ಟು ನಿಲ್ಲುತ್ತದೆಯೇ?

"ರೀ, ಅಮ್ಮಂಗೆ ಹತ್ತಕ್ಕೆ ಆಗ್ತಿಲ್ಲ. ಒಬ್ಳನ್ನೇ ಮನೇಲಿ ಬಿಟ್ಟು ಬರಕ್ಕೂ ಆಗಲ್ಲ. ಈ ಸಲ ಮುಗಿದ್ಮೇಲೆ ಮಾರಿಬಿಡೋಣ."

ಅಳಿಯ "ಹೂಂ. ಅತ್ತೆಗಿಂತ ದೋಣಿ ಹೆಚ್ಚಾ?" ಎಂದರು.

ಇಂಥ ಮಾತು ಕೇಳಿ ಯಾವ ಅತ್ತೆಯಾದರೂ ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು. ಆ ದೋಣಿಯ ಮೇಲೆ ನನಗೇನೂ ಪ್ರೀತಿ ಇರಲಿಲ್ಲ. ಹೋದರೆ ಹೋಗಲಿ, ಆದರೆ ನನ್ನ ಮಂಡಿಯ ಹೆಸರಿನಲ್ಲಿ ಹೋಗಬಾರದು. ಮಾರಿದ ಮೇಲೆ ಈ ಮನುಷ್ಯ ಪ್ರತಿ ಶನಿವಾರ ಕಿಟಕಿಯ ಹತ್ತಿರ ಕಾಫಿ ಹಿಡಿದು ನಿಲ್ಲುವುದು, ಒಂದು ಮಾತೂ ಆಡದಿರುವುದು, ನಾನು ಆ ಬೆನ್ನು ನೋಡಿಕೊಂಡು ಅವರೆಕಾಳು ಬಿಡಿಸುವುದು, ಎಲ್ಲ ಕಣ್ಣ ಮುಂದೆ ಬಂತು. ಬೈದರೆ ತಿರುಗಿ ಬೈಯಬಹುದು. ತ್ಯಾಗ ಮಾಡಿದವರ ಜೊತೆ ಒಂದೇ ಮನೆಯಲ್ಲಿ ಬಾಳುವುದು ಹೇಗೆ?

ಮರುದಿನದಿಂದ ಒಬ್ಬಳೇ ಹತ್ತುತ್ತೇನೆಂದು ಹಟ ಹಿಡಿದೆ. ಮೊದಲ ಸಲಕ್ಕೇ ಜಾರಿ ಮೊಣಕೈ ತರಚಿಕೊಂಡೆ. ಇನ್ನು ಮಾತೇ ಬೇಡ ಎನ್ನುವ ಹಾಗೆ ಲತಾ ಅಳಿಯಂದಿರ ಮುಖ ನೋಡಿದಳು. ಅವರು ಹಗ್ಗ ಸುತ್ತುವುದರಲ್ಲಿ ಮುಳುಗಿದರು. ಶಿಳ್ಳೆ ನಿಂತಿತ್ತು.

ಹೀಗಿರುವಾಗ ಸ್ಟಾಕ್‌ಪೋರ್ಟಿನಾಚೆ ಒಂದು ಕಡೆ ಹಾರನ್ನು ಎರಡು ಸಲ ಕೇಳಿಸಿತು. ಎದುರಿಗೆ ಮೂರು ಕಿಟಕಿ, ನೀಲಿ ಪಟ್ಟಿ. ದೋಣಿಯ ಯಜಮಾನ ಕೆನ್ ಎಂಬ ಮುದುಕ. ಹೆಂಡತಿ ನಾಯಿ ತಿರುಗಾಡಿಸುವುದಕ್ಕೆ ಹೋಗಿದ್ದಳಂತೆ. ಎರಡು ದೋಣಿಯನ್ನೂ ಒಂದರ ಹಿಂದೆ ಒಂದು ಕಟ್ಟಿದರು. ಕುಲಗೋತ್ರ ಮುಗಿಯಿತು. ಮುಂದಿನ ರಿಪೇರಿ ಅಂಗಳದಲ್ಲಿ ಇಂಥದ್ದೇ ಒಂದು ದೋಣಿ ತಳ ಒಡೆದು ಬಿದ್ದಿದೆ ಎಂದು ಕೆನ್ ಹೇಳಿದ್ದೇ ತಡ, ಇಬ್ಬರೂ ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಲು ಹೊರಟವರ ಹಾಗೆ ಮುಖ ಮಾಡಿಕೊಂಡು ಹೋದರು. ಲತಾ ಹಾಲು ತರಲು ಹೋದಳು. ನನ್ನನ್ನು ಬೆಂಚಿನ ಮೇಲೆ ಕೂರಿಸಿ, "ಅಮ್ಮ, ನಾನು ಬರೋವರ್ಗೂ ಹತ್ತಕ್ಕೆ ಹೋಗ್ಬೇಡ" ಎಂದು ಹೇಳಿಯೇ ಹೋದಳು.

ಹನಿ ಬಿತ್ತು. ಮರದ ಕೆಳಕ್ಕೆ ಹೋದೆ. ಹನಿ ಜೋರಾಯಿತು. ಮರದ ಆ ಬದಿಯಿಂದ ಬಂದು, ಮೊದಲು ಸಿಕ್ಕಿದ ದೋಣಿಗೆ ಕಾಲಿಟ್ಟೆ. ಆಶ್ಚರ್ಯ ಕೇಳಿ, ಕಾಲು ಮೇಲಕ್ಕೆ ಎದ್ದಿತು! ಕೈ ತಾನಾಗಿ ಏನನ್ನೋ ಹಿಡಿದುಕೊಂಡಿತು, ಮಂಡಿ ಚಟ್ ಎನ್ನಲಿಲ್ಲ, ಒಳಗಿನ ಮೆಟ್ಟಿಲೂ ಇಳಿದೆ. ಲತಾ ಹಚ್ಚುವ ಎಣ್ಣೆ ಕೊನೆಗೂ ಹಿಡಿಯಿತು ಎಂದುಕೊಂಡೆ. ಒಳಗೆ ಎಲ್ಲ ಒಪ್ಪ. ಪರದೆ ಒಗೆದ ಹಾಗಿತ್ತು. ಮಗಳಿಗೆ ಬುದ್ಧಿ ಬಂತು ಎಂದುಕೊಂಡೆ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದು ನಾಯಿಯ ಫೋಟೋ. ಅಳಿಯಂದಿರ ವಿಷಯ ಹೇಳುವ ಹಾಗಿಲ್ಲ ಎಂದುಕೊಂಡೆ.

ಒಲೆ ಇರಬೇಕಾದ ಕಡೆಯೇ ಇತ್ತು. ಬುಟ್ಟಿಯಲ್ಲಿ ಈರುಳ್ಳಿ ಇತ್ತು. ಒಗ್ಗರಣೆ ಡಬ್ಬಿ ಮತ್ತು ಹುರಿದ ರವೆ ಯಾವಾಗಲೂ ನನ್ನ ಕೈಚೀಲದಲ್ಲೇ. ದೋಣಿಯಲ್ಲಿ ಬಿಟ್ಟರೆ ಆ ಡಬ್ಬಿಗೆ ಅಳಿಯ ನಟ್ಟು ಬೋಲ್ಟು ತುಂಬುತ್ತಾರೆ. ಸಾಸಿವೆ ಸಿಡಿದು, ಈರುಳ್ಳಿ ಬೆಂದು, ರವೆ ಕೂಡಿಸಿ ಮುಚ್ಚಿಟ್ಟೆ. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬಳು ದಪ್ಪನೆಯ ಮುದುಕಿ, ಒದ್ದೆ ಕೋಟು, ಪಕ್ಕದಲ್ಲಿ ಫೋಟೋದ ನಾಯಿ.

ನಾಯಿ ನೋಡಿದ ಮೇಲೆ ನನಗೆ ತಿಳಿಯಿತು. ಸೌಟು ಕೈಯಲ್ಲೇ ನಿಂತಿತು. ನನ್ನ ಹತ್ತಿರ ಇದ್ದದ್ದು ನಲವತ್ತು ಇಂಗ್ಲಿಷ್ ಮಾತು, ಅವುಗಳಲ್ಲಿ ಒಂದೂ ಈ ಸಂದರ್ಭದ್ದಲ್ಲ. ಅವಳು ನನ್ನನ್ನು ನೋಡಿದಳು, ಬಾಣಲೆ ನೋಡಿದಳು, ಮೂಗು ಎಳೆದಳು. "ಹಲೋ ಲವ್" ಎಂದಳು. ಕೋಟು ತೂಗುಹಾಕಿ, ಬೀರು ತೆಗೆದು, ಎರಡು ತಟ್ಟೆ ಇಟ್ಟಳು. ಡೋರೀನ್ ಎಂದು ಎದೆ ಮುಟ್ಟಿ ಹೇಳಿದಳು. ಇಷ್ಟೇ ಆಕೆ ಮಾಡಿದ್ದು. ಮೈಸೂರಿನ ನನ್ನ ಅಡುಗೆಮನೆಯಲ್ಲಿ ಯಾರಾದರೂ ಹೀಗೆ ನಿಂತಿದ್ದರೆ ನಾನು ಒನಕೆ ತೆಗೆಯುತ್ತಿದ್ದೆ.

ತಿನ್ನುತ್ತಾ ಅವಳು ತನ್ನ ಮಂಡಿಗೆ ಬಡಿದು ಮುಖ ಕಿವಿಚಿದಳು. ನಾನೂ ನನ್ನದಕ್ಕೆ ಬಡಿದು ತೋರಿಸಿದೆ. ಅವಳು ಪ್ಯಾಂಟು ಮೇಲಕ್ಕೆತ್ತಿ ಆಪರೇಷನ್ ಗೀರು ತೋರಿಸಿದಳು. ನನ್ನದಕ್ಕಿಂತ ಅವಳದು ಹೆಚ್ಚು ಕೆಟ್ಟಿತ್ತು. ಮತ್ತೆ ಹೇಗೆ ಹತ್ತುತ್ತೀಯ ಎಂದು ಕೈಯಲ್ಲೇ ಕೇಳಿದೆ. ಎದ್ದು ಹೋಗಿ ಬಾಗಿಲ ಪಕ್ಕ ತೋರಿಸಿದಳು. ಒಂದು ಹಿಡಿಕೆ, ಓರೆಯಾಗಿ ಬಿಗಿದದ್ದು. ಕೆಳಗೆ ಒಂದು ಮರದ ಮಣೆ, ಅರ್ಧ ಮೆಟ್ಟಿಲಿನಷ್ಟು. ಅಷ್ಟೇ. ನನ್ನ ಎಣ್ಣೆಯ ಮಹಿಮೆ ಅಲ್ಲಿಗೆ ಮುಗಿಯಿತು.

ಹೊರಗೆ ಲತಾ ಕೂಗುವುದು ಕೇಳಿಸಿತು. ಕಿಟಕಿಯಿಂದ ನನ್ನ ತಲೆ ಕಂಡು ಕಿರುಚಿದಳು. "ಅಮ್ಮಾ! ಅದು ಅವರ ದೋಣಿ!"

"ಗೊತ್ತು ಬಿಡೇ. ಒಳಗೆ ಬಾ, ತಣ್ಣಗಾಗತ್ತೆ."

ಲತಾ ಬಂದು ಡೋರೀನ್‌ಗೆ ಹತ್ತು ಸಲ ಸಾರಿ ಹೇಳಿ, ಆಮೇಲೆ ಅವಳ ಮಾತನ್ನು ನನಗೆ ಬಿಡಿಸಿ ಹೇಳಿದಳು. ಒಂದು ಇಡೀ ಬೇಸಿಗೆ ಡೋರೀನ್ ದಡದ ಮೇಲೆ ಕುರ್ಚಿ ಹಾಕಿ ಕೂತಿದ್ದಳಂತೆ. "ನಾನು ಬರೋದಿಲ್ಲ, ಹಿಡಿಕೆ ಹಾಕು" ಎಂದಳಂತೆ. ಹಾಗೆ ಮಾಡಿದರೆ ದೋಣಿಯ ಮೂಲ ರೂಪ ಕೆಡುತ್ತದೆ ಎಂದು ಕೆನ್ ಗುಂಪಿನವರನ್ನೆಲ್ಲ ಕೇಳಿದನಂತೆ. ಕೇಳಿ ಮುಗಿಯುವಷ್ಟರಲ್ಲಿ ಆ ಬೇಸಿಗೆ ಮುಗಿದಿತ್ತಂತೆ.

ಗಂಡಸರು ಸತ್ತ ದೋಣಿಯಿಂದ ಒಂದು ಕಿಟಕಿಯ ರಬ್ಬರು ಬಿಚ್ಚಿಕೊಂಡು ಸಂಭ್ರಮದಲ್ಲಿ ಬಂದರು. ಅಳಿಯ ನನ್ನನ್ನು ಅಲ್ಲಿ ಕಂಡು ರಬ್ಬರು ಕೆಳಗೆ ಬಿಟ್ಟರು.

"ಅತ್ತೆ, ನೀವು ಹೇಗೆ ಹತ್ತಿದ್ರಿ?"

"ಕಾಲಲ್ಲಿ. ಅಳಿಯಂದಿರೇ, ಇಂಥ ದೋಣಿ ಇದುವರೆಗೆ ಎಷ್ಟು ನೋಡಿದ್ದೀರಿ?"

"ನಲವತ್ತೊಂದು ಅತ್ತೆ" ಎಂದರು, ಎದೆಯುಬ್ಬಿಸಿ. "ಇವತ್ತಿನ ಎರಡೂ ಸೇರಿದ್ರೆ ನಲವತ್ಮೂರು."

"ಅಷ್ಟೂ ಬಾಗಿಲಲ್ಲಿ ಒಂದು ಹಿಡಿಕೆ ಕಣ್ಣಿಗೆ ಬೀಳ್ಲಿಲ್ವಾ?"

ಅವರು ಬಾಗಿಲ ಕಡೆ ತಿರುಗಿದರು. ಹಿಡಿಕೆಯನ್ನು ಮುಟ್ಟಿದರು. ಮಣೆಯ ಮೇಲೆ ಕಾಲಿಟ್ಟು ಹತ್ತಿದರು, ಇಳಿದರು, ಮತ್ತೆ ಹತ್ತಿದರು. "ನಾನು ಕಿಟಕಿ ನೋಡ್ತಿದ್ದೆ ಅತ್ತೆ" ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕೆನ್ ಟೇಪು ಹಿಡಿದು ನನ್ನ ಕೈ, ಸೊಂಟ, ಭುಜ ಅಳೆದು ಚೀಟಿ ಬರೆದುಕೊಟ್ಟ. ಮರುದಿನ ಬೆಳಿಗ್ಗೆ ಅಳಿಯ ಬಸ್ಸು ಹಿಡಿದು ಸ್ಟಾಕ್‌ಪೋರ್ಟಿಗೆ ಹೋಗಿ ಹಿಡಿಕೆ ತಂದು, ಯಾರನ್ನೂ ಕೇಳದೆ, ಗುಂಪಿಗೂ ಬರೆಯದೆ, ದೋಣಿಗೆ ತೂತು ಕೊರೆದರು. ಮಧ್ಯಾಹ್ನ ನಾನು ಹತ್ತಿದೆ. ಲತಾ ಮುಂದೆ, ಅಳಿಯ ಹಿಂದೆ, ನಾಲ್ಕು ಕೈಯೂ ಗಾಳಿಯಲ್ಲಿ, ಒಂದಕ್ಕೂ ಕೆಲಸವಿಲ್ಲ. ಒಳಗೆ ಹೋಗಿ ಕೂತು ಮಗಳಿಗೆ ಹೇಳಿದೆ: "ಮಾರೋದಿದ್ರೆ ಬೇರೆ ಕಾರಣ ಹುಡುಕ್ಕೊಳ್ಳಿ." ಅವಳ ಮುಖ ಕೆಂಪಾಯಿತು. ಆಚೆ ಶಿಳ್ಳೆ ಕೇಳಿಸಿತು.

ಬೇರೆ ಕಾರಣ ನಾಲ್ಕು ಬೇಸಿಗೆಯ ನಂತರ ಸಿಕ್ಕಿತು. ಲಾಕಿನ ಬಾಗಿಲು ನೂಕುವಾಗ ಅಳಿಯಂದಿರ ಸೊಂಟ ಹಿಡಿದುಕೊಂಡದ್ದು ಬಿಡಲಿಲ್ಲ. ಡಾಕ್ಟರು ಭಾರ ಎತ್ತಬಾರದು ಎಂದರು. ಲೀಡ್ಸ್ ಕಡೆಯ ಗಂಡಹೆಂಡತಿ ಬಂದು ದೋಣಿ ಕೊಂಡುಕೊಂಡು ಹೋದರು. ಅತ್ತೆಯ ಮಂಡಿಯಿಂದ ಹೋಗಲಿಲ್ಲ, ಅಳಿಯನ ಸೊಂಟದಿಂದ ಹೋಯಿತು. ಅವರು ಶನಿವಾರ ಕಿಟಕಿಯ ಹತ್ತಿರ ನಿಲ್ಲುವುದು ನಿಜವೇ, ಆದರೆ ನಾನು ಆ ಬೆನ್ನಿಗೆ ಏನು ಬೇಕಾದರೂ ಹೇಳಬಹುದು, ಹೇಳುತ್ತೇನೆ. ಬಚ್ಚಲಿನ ಹಿಡಿಕೆ ಅವರಿಗೆ. ಅದಕ್ಕೇ ನನಗೆ ಬೇಕಾದುದಕ್ಕಿಂತ ಒಂದು ಗೇಣು ಮೇಲೆ ಹಾಕಿಸಿದ್ದು.

ನಿನ್ನೆ ಬಸ್ಸಿನಲ್ಲಿ ಬರುತ್ತಿದ್ದೆ. ಸೇತುವೆಯ ಮೇಲೆ ಬಸ್ಸು ನಿಂತಿತು. ಕೆಳಗೆ ಮೂರು ಕಿಟಕಿ, ಮೂರನೆಯದು ಓರೆ. ನನಗರಿವಿಲ್ಲದೆ ಎದ್ದು ನಿಂತಿದ್ದೆ. ಮನೆಗೆ ಬಂದು ಹೇಳಿದೆ: "ಒಂದು ಕಂಡೆ." ಹಾಸಿಗೆಯಲ್ಲಿದ್ದ ಅಳಿಯ ಹಾರಿ ಏಳಲು ಹೋಗಿ ಅಯ್ಯೋ ಎಂದರು.

"ಯಾವ ವರ್ಷದ್ದು ಅತ್ತೆ? ಹೆಸರೇನು? ನನ್ನ ನೋಟ್‌ಬುಕ್ ಎಲ್ಲಿ..."

"ಮಲಗಿ. ಬರೆದಾಯ್ತು."

ಬರೆದದ್ದು ನಿಜ, ಅವರ ಬಣ್ಣದ ಪೆನ್ನಿನಲ್ಲೇ, ನನ್ನ ಕೋಳಿಕಾಲಿನ ಅಕ್ಷರದಲ್ಲಿ. ಮೂರು ಕಿಟಕಿ. ಸೇತುವೆ ಕೆಳಗೆ ಕಟ್ಟಿದ್ದಾರೆ. ಹೆಸರು ಓದಲು ಬರಲಿಲ್ಲ. ದಡದ ಮೇಲೆ ಒಬ್ಬ ಮುದುಕಿ ಕುರ್ಚಿ ಹಾಕಿ ಕೂತಿದ್ದಾಳೆ. ಬಾಗಿಲಿಗೆ ಹಿಡಿಕೆ ಇಲ್ಲ.

ಈಗ ಬೆಳಿಗ್ಗೆ ಎಂಟು ಗಂಟೆ. ದೋಣಿ ಬಿಡುವ ಮೊದಲು ಅಲ್ಲಿಗೆ ಹೋಗಬೇಕು. ಕೈಚೀಲದಲ್ಲಿ ಒಗ್ಗರಣೆ ಡಬ್ಬಿಯ ಪಕ್ಕಕ್ಕೆ ಟೇಪು ಇಟ್ಟುಕೊಂಡಿದ್ದೇನೆ.