ಕರಡಕ್ಕ ತಿದ್ದಿದ ನಗೆಪುಸ್ತಕ

ಮುದ್ರಣಾಲಯದಲ್ಲಿ ಎಲ್ಲರಿಗೂ ಅವಳು ಕರಡಕ್ಕ. ಇಪ್ಪತ್ತಾರು ವರ್ಷದಿಂದ ಕಿಟಕಿ ಪಕ್ಕದ ಒಂದೇ ಮೇಜಿನಲ್ಲಿ ಕೂತು ಕರಡು ತಿದ್ದುತ್ತಿದ್ದಳು. ಅವಳ ಕೆಂಪು ಪೆನ್ನು ಮುಟ್ಟದ ಹಾಳೆ ಅಲ್ಲಿಂದ ಹೊರಗೆ ಹೋದದ್ದೇ ಇಲ್ಲ. ಒಂದು ಒತ್ತಕ್ಷರ ತಪ್ಪಿದ್ದರೂ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಮುಖ ಮಾಡುತ್ತಿದ್ದಳು.

ಅವಳ ಗಂಡ ಅಲ್ಲೇ ಯಂತ್ರದ ಗದ್ದಲದಲ್ಲಿ ದುಡಿದು ಕಿವಿ ಕಳೆದುಕೊಂಡವನು. ಹೆಂಡತಿ ನಿಧಾನಕ್ಕೆ ಮಾತಾಡಿದರೆ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಿದ್ದ, ಅಷ್ಟೇ. ಆದರೂ ಸಂಜೆಯ ಟಿವಿ ಹಾಸ್ಯ ಕಾರ್ಯಕ್ರಮ ತಪ್ಪಿಸುತ್ತಿರಲಿಲ್ಲ. ಅದನ್ನು ನಡೆಸಿಕೊಡುವವನು ಹುಬ್ಬೇರಿಸಿ, ಒಂದು ಗಳಿಗೆ ಸುಮ್ಮನಿದ್ದು, ಕತ್ತು ಹೊರಳಿಸಿದರೆ ಸಾಕು, ಇವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಏನು ಹೇಳಿದ ಅನ್ನುವುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಬಿಡಿಸಿ ಹೇಳುವಷ್ಟರಲ್ಲಿ ಮುಂದಿನ ನಗೆ ಮುಗಿದಿರುತ್ತಿತ್ತು.

ಆ ಹಾಸ್ಯಗಾರನ ಪುಸ್ತಕ ತಮ್ಮಲ್ಲೇ ಅಚ್ಚಿಗೆ ಬಂದಿದೆ ಎಂದು ಅವಳು ಹೇಳಿದಾಗ ಗಂಡ ಹಿಗ್ಗಿಹೋದ.

"ಇಷ್ಟು ವರ್ಷ ಅವ್ನು ಏನು ಹೇಳ್ತಿದ್ದ ಅಂತ ಈಗ ನಂಗೂ ಗೊತ್ತಾಗುತ್ತೆ ಬಿಡು."

ಕರಡಕ್ಕ ನೂರನಲವತ್ತು ಪುಟ ಓದಿದಳು. ತುಟಿಯ ಅಂಚು ಅಲುಗಲಿಲ್ಲ. ತನ್ನ ಮನಸ್ಸೇ ಸರಿಯಿಲ್ಲವೇನೋ ಎಂದು ಮರುದಿನ ಮತ್ತೆ ಓದಿದಳು. ಊಹೂಂ. ಗಂಡನಿಗೆ ಇದನ್ನು ಹೇಗೆ ಕೊಡುವುದು ಎಂದು ಸಂಕಟವಾಯಿತು. ಆ ಸಂಕಟದಲ್ಲೇ, ಜೀವಮಾನದಲ್ಲಿ ಮೊದಲ ಸಲ, ಅಕ್ಷರ ಬಿಟ್ಟು ಬೇರೆ ಮಾತು ಅಂಚಿನಲ್ಲಿ ಬರೆದಳು: ಇಲ್ಲಿ ನಗು ಬರಲಿಲ್ಲ. ಹದಿನೇಳು ಕಡೆ ಹಾಗೆ ಬರೆದಳು. ನಮ್ಮದು ತಪ್ಪು ತಿದ್ದುವ ಕೆಲಸ, ನಗುವ ಕೆಲಸವಲ್ಲ ಎಂದು ಮಾಲೀಕರು ರೇಗಿದರು. ಅಷ್ಟರಲ್ಲಿ ಕರಡು ಹಾಸ್ಯಗಾರನ ಕೈ ಸೇರಿತ್ತು.

ಮೂರನೆಯ ದಿನ ಅವನೇ ಬಂದ. ಮುಂದೇನೋ ಎಂದು ಎಲ್ಲರ ಕೈ ನಿಂತಿತು. ಎದುರಿಗೆ ನೋಡಿದರೆ ಮೆಲುದನಿಯ, ಸಂಕೋಚದ ಮನುಷ್ಯ. ಸ್ಟೂಲ್ ಎಳೆದುಕೊಂಡು ಕೂತ. ಅವಳು ಮುಚ್ಚುಮರೆಯಿಲ್ಲದೆ ಗಂಡನ ವಿಷಯವನ್ನೂ ಹೇಳಿದಳು. ಅವನೂ ತನ್ನ ಕಷ್ಟ ಹೇಳಿಕೊಂಡ: ಹೆಸರು ಚಾಲ್ತಿಯಲ್ಲಿರುವಾಗಲೇ ಪುಸ್ತಕ ಬೇಕೆಂದು ಪ್ರಕಾಶಕರು ಅವಸರಪಡಿಸಿದ್ದರಂತೆ. ಹಳೆಯ ಕಾರ್ಯಕ್ರಮಗಳನ್ನೇ ಕೇಳಿ ಬೆರಳಚ್ಚು ಮಾಡಿಸಿದ್ದನಂತೆ.

"ಟೈಪ್ ಮಾಡೋವಾಗ ನನ್ನ ಮುಖ ಎಲ್ಲೋ ಉದುರಿಹೋಗಿದೆ ಅಕ್ಕ," ಎಂದ.

ಅಂದು ಸಂಜೆ ಅವನು ಅವಳ ಜೊತೆಗೇ ಮನೆಗೆ ಬಂದ. ಗಂಡನ ಕೈಗೆ ಹಾಳೆ ಕೊಟ್ಟು, ಎದುರಿಗೆ ಕುರ್ಚಿಯಲ್ಲಿ ಕೂತು, ಅದನ್ನೇ ಅಭಿನಯಿಸಿದ. ಗಂಡ ಒಂದು ಸಾಲು ಓದುವುದು, ತಲೆಯೆತ್ತಿ ನೋಡುವುದು, ಕಣ್ಣಲ್ಲಿ ನೀರು ಬರುವಷ್ಟು ನಗುವುದು. ಕೊನೆಗೆ ಹಾಳೆ ಮಡಿಸಿಟ್ಟು ಹೇಳಿದ:

"ಬರೆದಿರೋದು ಸುಮಾರು. ನೀವು ಚೆನ್ನಾಗಿದ್ದೀರಿ."

ಹಾಸ್ಯಗಾರ ಮನೆ ತುಂಬುವಂತೆ ನಕ್ಕ.

ಪುಸ್ತಕ ತಿದ್ದಲು ಸಮಯವಿರಲಿಲ್ಲ, ಇದ್ದ ಹಾಗೇ ಅಚ್ಚಾಯಿತು. ಮುಖಪುಟದಲ್ಲಿ ಹಾಸ್ಯಗಾರನ ಫೋಟೋ ನೋಡಿ ಕೊಂಡವರು ಹತ್ತು ಪುಟಕ್ಕೇ ಮಡಚಿಟ್ಟರು. ಅವನು ಮತ್ತೆ ಪುಸ್ತಕದ ಗೋಜಿಗೆ ಹೋಗಲಿಲ್ಲ. ಆದರೆ ಟಿವಿಯವರ ಬೆನ್ನುಹತ್ತಿ, ಪರದೆಯ ಕೆಳಗೆ ತನ್ನ ಮಾತು ಅಕ್ಷರದಲ್ಲಿ ಮೂಡುವಂತೆ ಮಾಡಿಸಿದ. ಕರಡಕ್ಕನಿಗೆ ಕಣ್ಣು ತುಂಬಿತು. ಗಂಡ ಎರಡು ದಿನ ಓದಿದ. ಓದುತ್ತಾ ಕೂತರೆ ಮುಖ ನೋಡುವುದು ತಪ್ಪುತ್ತದೆ ಎಂದು ಮೂರನೆಯ ದಿನ ಟಿವಿಯಲ್ಲಿ ಆ ಸಾಲು ಮೂಡುವ ಜಾಗದ ಮೇಲೆ ಒಂದು ರಟ್ಟಿನ ಪಟ್ಟಿ ಅಂಟಿಸಿದ. ಅದು ಇನ್ನೂ ಅಲ್ಲೇ ಇದೆ.