ಕಾರಿಗೆ ಹಾಕಿದ ಕೊಂಡಿ

ಜಂಬದ ಮಾತನ್ನು ಮೊದಲೇ ಆಡಿಬಿಡುತ್ತೇನೆ, ಆಮೇಲೆ ಆಡಲು ನನಗೆ ಬಾಯಿ ಇರುವುದಿಲ್ಲ. ಇಳಕಲ್ಲಿನ ನನ್ನ ಗ್ಯಾರೇಜಿನಲ್ಲಿ ನಾನು ಕಟ್ಟಿದ ರೇಸ್ ಕಾರನ್ನು ಒಂದೇ ಒಂದು ಪಾನಾ ಹಿಡಿದು ಪೂರ್ತಿ ಬಿಚ್ಚಬಹುದಿತ್ತು. ಬೋಲ್ಟುಗಳೆಲ್ಲ ಒಂದೇ ಅಳತೆ. ಎಂಜಿನ್ ಗುಜರಿಗೆ ಬಂದ ಹಳೆಯ ವ್ಯಾನಿನದು, ಸೀಟಿನ ಹಿಂದೆ ಕೂರಿಸಿದ್ದೆ. ಕೆಟ್ಟರೆ ಹುನಗುಂದದಲ್ಲೋ ಬಾಗಲಕೋಟೆಯಲ್ಲೋ ಸಿಗದಂಥ ಸಾಮಾನು ಅದರಲ್ಲಿ ಒಂದೂ ಇರಲಿಲ್ಲ.

ಓಡಿಸುವವನು ನನ್ನ ಗೆಳೆಯ, ಕೆರೂರಿನ ಟೆಂಪೊ ಡ್ರೈವರ್. ರ‍್ಯಾಲಿಕ್ರಾಸ್ ಹುಚ್ಚು ಅವನಿಗೆ ಹಿಡಿದದ್ದು ಮೊಬೈಲಿನಲ್ಲಿ ನೋಡಿ ನೋಡಿ. ಅರ್ಧ ಮಣ್ಣು, ಅರ್ಧ ಡಾಂಬರಿನ ಸಣ್ಣ ಸುತ್ತು. ಐದಾರು ಕಾರು ಒಟ್ಟಿಗೇ ಬಿಡುತ್ತಾರೆ, ಗುದ್ದಾಡಿಕೊಂಡೇ ಓಡಬೇಕು. ನಾವು ಹೋಗಬೇಕೆಂದಿದ್ದ ಪಂದ್ಯದಲ್ಲಿ ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಕಾಲು ಗಂಟೆ. ಅಷ್ಟರಲ್ಲಿ ಗಾಡಿ ರಿಪೇರಿಯಾಗಿ ಗೆರೆಯ ಮೇಲೆ ನಿಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಮನೆಗೆ. ದೊಡ್ಡವರಿಗೆ ಆಳುಕಾಳು, ಎರಡೆರಡು ಗಾಡಿ. "ಲೇ ದೋಸ್ತ, ಗುದ್ದೂದು ನನ್ನ ಕೆಲಸ. ಕೂಡಸೂದು ನಿಂದು," ಅಂದಿದ್ದ. ಕಾಲು ಗಂಟೆಯೊಳಗೆ ಕೂಡಿಸಿ ತೋರಿಸಿದರೆ ಹೋಗುವುದು, ಇಲ್ಲವಾದರೆ ಕನಸು ಬಿಡುವುದು ಎಂದು ಇಬ್ಬರೂ ಮಾತಾಡಿಕೊಂಡೆವು.

ಉಪಾಯ ಹೊಳೆದದ್ದು ಅವ್ವನ ಮಗ್ಗದ ಹತ್ತಿರ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ರೇಷ್ಮೆ ಎಳೆ ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ಸಿಗಿಸಿ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಅನ್ನುತ್ತೇವೆ. ಹುಟ್ಟಿದಾಗಿನಿಂದ ನೋಡಿದ್ದೇ. ಅವತ್ತು ಮಾತ್ರ ಚಹಾ ಕಪ್ಪು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಕಾರಿನ ಮುಂಭಾಗವನ್ನು ಚಕ್ರ, ಸ್ಪ್ರಿಂಗಿನ ಸಮೇತ ಬೇರೆಯೇ ತುಂಡಾಗಿ ಮಾಡಿದೆ. ಅದಕ್ಕೆ ನಾವು ಇಟ್ಟ ಹೆಸರು ಮೂತಿ. ಮೂತಿಗೂ ಒಡಲಿಗೂ ಕಬ್ಬಿಣದ ಬಳೆ. ಒಂದರ ಸಂದಿಗೆ ಒಂದು ಕೂರಿಸಿ, ಬಾಗಿಲ ಬಿಜಾಗರಿಯ ಹಾಗೆ ನಡುವೆ ಸರಳು ತೂರಿಸಿದರೆ ಆಯಿತು. ಮೂತಿ ಒಡೆದರೆ ಸರಳು ಎಳೆ, ಇನ್ನೊಂದು ಮೂತಿ ಹಾಕು.

ಅವ್ವನನ್ನು ಕರೆತಂದು ತೋರಿಸಿದೆ. ಬಳೆಗಳ ಮೇಲೆ ಬೆರಳಾಡಿಸಿ, "ಕೊಂಡಿ ಚಲೋ ಬಿದ್ದೈತಿ" ಅಂದಳು. ಆಮೇಲೆ, "ಎಳಿ ಹರದ್ರ ನಾ ಮೊದಲ ಮಗ್ಗ ನಿಂದರಸ್ತೇನಿ. ಎಲ್ಲಿ ಹರದೈತಿ ನೋಡಿ ಕೈ ಹಚ್ಚತೇನಿ. ನೀ ಏನ ಮಾಡ್ತಿ?"

"ನಮ್ಮಲ್ಲಿ ನಿಂದರಾಕ ಟೈಮ್ ಇಲ್ಲಬೇ."

"ಹೌದೇಳಪಾ, ಭಾಳ ಶ್ಯಾಣ್ಯಾ ಅದಿ," ಎಂದು ಒಳಗೆ ಹೋದಳು. ನಾನು ನಕ್ಕೆ.

ಊರ ಹೊರಗೆ ಕಲ್ಲು ತೆಗೆದು ಬಿಟ್ಟ ಕ್ವಾರಿಯಲ್ಲಿ ಪರೀಕ್ಷೆ. ಮೂತಿ ಎತ್ತಲು ಕಲ್ಲು ಕೆಲಸದ ಇಬ್ಬರನ್ನು ಕರೆದಿದ್ದೆ. ಮೂತಿ ಬದಲಿಸುವಾಗ ಡ್ರೈವರ್ ಇಳಿಯಬಾರದು, ಬೆಲ್ಟ್ ಬಿಚ್ಚಬಾರದು. ಇಳಿದು ಹತ್ತುವುದರಲ್ಲೇ ಹೊತ್ತು ಹೋಗುತ್ತದೆ. ಆ ನಿಯಮ ಮಾಡಿದ ಮಹಾನುಭಾವ ನಾನೇ. ಅವನು ಮಣ್ಣಿನ ದಿಬ್ಬಕ್ಕೆ ಹೋಗಿ ಗುದ್ದಬೇಕು, ನಾವು ಓಡಬೇಕು. ಗುದ್ದಿದ. ಮಣ್ಣಿನೊಳಗೆ ಕಲ್ಲು ಹುಗಿದಿತ್ತು.

ಸದ್ದು ಬೇರೆಯಾಗಿಯೇ ಬಂತು. ಆದರೂ ನಾನು ಮೊದಲು ಮಾಡಿದ ಕೆಲಸವೆಂದರೆ ಮೊಬೈಲಿನ ಗಡಿಯಾರ ಒತ್ತಿದ್ದು. ಸರಳು ಕಚ್ಚಿಕೊಂಡಿತ್ತು, ದೊಡ್ಡ ಸುತ್ತಿಗೆಯಿಂದ ಬಾರಿಸಿದೆ. ಅವನು ಸ್ಟೇರಿಂಗಿಗೆ ಒಮ್ಮೆ ಕೈ ಬಡಿದ. ಅವಸರ ಮಾಡುತ್ತಿದ್ದಾನೆ ಅಂದುಕೊಂಡು, "ಆತು ತಡಿಯಲೇ!" ಎಂದು ನಾನೇ ಗದರಿದೆ. ಹೊಸ ಮೂತಿ ಕೂರಲೊಲ್ಲದು. ಮೂವರೂ ಹೆಗಲು ಕೊಟ್ಟು ಒತ್ತಿದೆವು. ಕೂತಿತು. ಸರಳು ಬಡಿದೆ. ಹನ್ನೊಂದು ನಿಮಿಷ! ಆ ಕ್ವಾರಿಯಲ್ಲಿ ನಾನು ಕುಣಿದೆ, ಖರೆ ಹೇಳುತ್ತೇನೆ, ಕುಣಿದೆ.

"ಇಳಿಯಲೇ ಮಂಗ್ಯಾ, ಹನ್ನೊಂದು!"

ಅವನು ಇಳಿಯಲಿಲ್ಲ. ಹೆಲ್ಮೆಟ್ಟಿನ ಗಾಜು ಎತ್ತಿದರೆ ಮುಖ ಬಿಳಿಚಿಕೊಂಡಿತ್ತು. ಕೆಳಗೆ ಬಗ್ಗಿ ನೋಡಿದೆ. ಒಡಲಿನ ಮುಂದಿನ ತಗಡು ಒಳಗೆ ಬಾಗಿ, ಅದಕ್ಕೂ ಬ್ರೇಕಿಗೂ ನಡುವೆ ಅವನ ಬಲಗಾಲು ಸಿಕ್ಕಿತ್ತು. ನಾವು ಮೂವರು ಹೆಗಲು ಕೊಟ್ಟು ಹೊಸ ಮೂತಿಯಿಂದ ಒತ್ತಿದ್ದು ಆ ತಗಡನ್ನೇ.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು, "ಕಾಲು ಎಷ್ಟ ಹೊತ್ತು ಸಿಕ್ಕಿತ್ರಿ?" ಎಂದು ಕೇಳಿದರು.

"ಬಿಡಸಾಕ ಎಷ್ಟಾತೋ ಗೊತ್ತಿಲ್ರಿ. ಅದಕ್ಕಿಂತ ಮೊದಲ ಹನ್ನೊಂದು ನಿಮಿಷ ಯಾರೂ ನೋಡಲಿಲ್ರಿ."

"ಅಷ್ಟು ಬರೋಬ್ಬರಿ ಹೆಂಗ ಗೊತ್ತು?"

ಮೊಬೈಲು ನನ್ನ ಕಿಸೆಯಲ್ಲೇ ಇತ್ತು.

ಅವನ ಕಾಲು ಉಳಿಯಿತು. ಆದರೆ ಪಾದದ ಕೀಲು ಬಾಗುವುದಿಲ್ಲ, ಇನ್ನು ಬಾಗುವುದೂ ಇಲ್ಲವಂತೆ. ಬ್ರೇಕು, ಎಕ್ಸಿಲೇಟರು ಎರಡೂ ಆ ಕಾಲಿನ ಕೆಲಸವೇ. ಟೆಂಪೊವನ್ನು ಈಗ ಅವನ ತಮ್ಮ ಓಡಿಸುತ್ತಾನೆ. ಕಾರು ನನ್ನ ಹಿತ್ತಲಲ್ಲಿದೆ. ಅವ್ವ ಆ ಕಡೆ ನೋಡುವುದಿಲ್ಲ. ಬೈದರೆ ಎಷ್ಟೋ ಚೆನ್ನಾಗಿತ್ತು.

ವಾರಕ್ಕೊಮ್ಮೆ ಕೆರೂರಿಗೆ ಹೋಗಿ ಅವನ ಕಟ್ಟೆಯ ಮೇಲೆ ಕೂತು ಬರುತ್ತೇನೆ. ಹೋದ ವಾರ ಧೈರ್ಯ ಮಾಡಿ ಕೇಳಿದೆ: "ಆವತ್ತ ಯಾಕ ಒದರಲಿಲ್ಲಲೇ?"

ಅವನು ಕೋಲಿನಿಂದ ನೆಲ ಕೆದರುತ್ತಿದ್ದ. "ಒದರಿದ್ರ ನೀ ಗಡಿಯಾರ ನಿಂದರಸ್ತಿದ್ದಿ," ಅಂದ. ಕೋಲು ನಿಲ್ಲಿಸಿ, "ಹನ್ನೊಂದು ಖರೆ ಅಲ್ಲೇನು?" ಎಂದು ಕೇಳಿದ.

"ಖರೆ."

"ಹಂಗಾರ ನಾವು ಹೋಗಬಹುದಿತ್ತು."

ಹೂಂ ಅಂದೆ.