ಎಂಬತ್ತು ರಿಯಾಲಿನ ಹಕ್ಕಿಗಳು

ಮೊನ್ನೆ ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಹದಿಮೂರು ದಿನದ ಕೂಸು. ನನ್ನ ಬೆರಳು ಹಿಡಿದರೆ ಬಿಡಲೊಲ್ಲದು. ಎದುರಿಗೆ ಬಂದವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದೇನೆ. ಹಾಲು ಹಾಕುವವನಿಗೆ ಎರಡು ಸಲ ಹೇಳಿದೆನಂತೆ, ಮಗಳು ನಗುತ್ತಾಳೆ. ಹೇಳಿ ಹೇಳಿ ಸಾಲದೆ ಈಗ ಬರೆಯಲು ಕೂತಿದ್ದೇನೆ. ನಮ್ಮ ಭಾಗ ಕನ್ನಡ ನಾಡಿಗೆ ಸೇರಿದ ಮೇಲೆ ಶಾಲೆಗೆ ಕನ್ನಡ ಬಂತು, ನಾನು ಮೂರನೇ ಇಯತ್ತೆಯವರೆಗೆ ಕಲಿತೆ. ಆ ಅಕ್ಷರದಲ್ಲೇ ಬರೆಯುತ್ತೇನೆ.

ತೊಟ್ಟಿಲಿನ ಮೇಲೆ ಒಂದು ಆಟಿಕೆ ಕಟ್ಟಿದ್ದೆ. ಕೀಲಿ ಕೊಟ್ಟರೆ ಸಣ್ಣಗೆ ಹಾಡುತ್ತದೆ, ಕೆಳಗೆ ತೂಗುಬಿದ್ದ ಹಕ್ಕಿಗಳು ಸುತ್ತುತ್ತವೆ. ಮೊದಲು ನಾಲ್ಕು ಹಕ್ಕಿ ಇದ್ದವು, ಈಗ ಮೂರು. ಅದು ಸಮುದ್ರ ದಾಟಿ ಬಂದದ್ದು. ಇನ್ನು ಮೂರು ದಿನ ತಡವಾಗಿದ್ದರೆ ತಿರುಗಿ ಸಮುದ್ರ ದಾಟಿ ಹೋಗುತ್ತಿತ್ತು.

ನಮ್ಮ ಮನೆಯವರು ಬಡಗಿ. ಎಪ್ಪತ್ತರ ದಶಕದ ಕೊನೆಯಲ್ಲಿ ಮುಂಬೈ ಏಜೆಂಟನೊಬ್ಬನನ್ನು ಹಿಡಿದು ದೋಹಾಕ್ಕೆ ಹೋದರು. ಆಗ ನಾನು ನಾಲ್ಕು ತಿಂಗಳ ಬಸುರಿ. ಬಸವಕಲ್ಯಾಣದ ಬಾಡಿಗೆ ಮನೆಗೆ ಕೀಲಿ ಹಾಕಿ ಹುಮನಾಬಾದಿಗೆ, ತವರಿಗೆ, ಬಾಣಂತನಕ್ಕೆ ಹೋದೆ. ಮಗಳು ಹುಟ್ಟಿದಳು. ತೊಟ್ಟಿಲ ದಿನ ಎಲ್ಲರೂ ಬಂದರು, ಕೂಸಿನ ಅಪ್ಪ ಒಬ್ಬ ಬರಲಿಲ್ಲ. ಅಷ್ಟು ಜನರ ನಡುವೆ ಕೂತು ಬಾಗಿಲು ನೋಡುತ್ತಿದ್ದೆ. ಬರುವುದಿಲ್ಲವೆಂದು ಗೊತ್ತಿತ್ತು, ಆದರೂ ನೋಡುತ್ತಿದ್ದೆ.

ಕೆಲವು ವಾರಗಳ ಮೇಲೆ ಮಾಣಿಕನಗರದ ಒಬ್ಬರು ದೋಹಾದಿಂದ ರಜೆಗೆ ಬಂದರು. ಅಲ್ಲಿ ನಮ್ಮ ಮನೆಯವರೊಡನೆ ಒಂದೇ ಕೋಣೆಯಲ್ಲಿ ಇರುವವರು. ತವರಿಗೇ ಬಂದು ಅಣ್ಣ, ಅತ್ತಿಗೆ ಎಲ್ಲರ ಮುಂದೆ ನಕ್ಕೊಂತ ಹೇಳಿದರು:

“ಕೂಸಿಗಿ ಹಾಡೋ ಹಕ್ಕಿ ತಗೊಂಡಾನ್ರಿ. ಅಂಗಡ್ಯಾವ ಹದಿನೈದು ರಿಯಾಲ್ ಅಂದ. ಇಂವ ಜಗ್ಗಿ ಜಗ್ಗಿ ಎಂಟಕ್ಕ ತಂದ! ನನ್ನ ಕೈಯಾಗ ಕೊಡೋ ಅಂದ್ರ ಕೇಳಲೇ ಇಲ್ಲ. ಠಸ್ಸೆ ಬಡಿಸ್ಕೊಂಡು, ಪೋಸ್ಟಿನ್ಯಾಗೇ ಹೋಗಬೇಕಂತ. ಓಣಿ ಮಂದಿ ನೋಡಬೇಕಲ್ಲ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನಸ್ಸಿನಲ್ಲಿ ಮಾತ್ರ ಅಂದಿನಿಂದ ಆ ಹಕ್ಕಿ ಹಾಡುತ್ತಿತ್ತು.

ಐದನೇ ತಿಂಗಳಿಗೆ ಕೂಸನ್ನು ಎತ್ತಿಕೊಂಡು ಬಸವಕಲ್ಯಾಣಕ್ಕೆ ಮರಳಿದೆ. ಅಣ್ಣ ಸಾಮಾನು ಇಳಿಸಿ ಅದೇ ಬಸ್ಸಿಗೆ ತಿರುಗಿ ಹೋದ. ಕೀಲಿ ತೆಗೆದು ಒಳಗೆ ಕಾಲಿಟ್ಟರೆ ನೆಲದ ಮೇಲೆ ಧೂಳು, ಧೂಳಿನ ಮೇಲೆ ಒಂದು ಚೀಟಿ. ಬಾಗಿಲ ಸಂದಿಯಿಂದ ಅಂಚೆಯವನು ಹಾಕಿದ್ದು. ಇಂಗ್ಲಿಷಿನಲ್ಲಿತ್ತು. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ನೇರ ಪೋಸ್ಟ್ ಆಫೀಸಿಗೆ ಹೋದೆ.

ಪೋಸ್ಟ್ ಮಾಸ್ತರರು ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಒಳಗಿನಿಂದ ಬಿಳಿ ಬಟ್ಟೆ ಹೊಲಿದ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಬಟ್ಟೆಯ ತುಂಬ ಅರಗು, ಠಸ್ಸೆ. ನಾನು ಕೈ ಚಾಚಿದೆ. ಅವರು ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ತಡಿಯವಾ ತಂಗಿ. ಜಕಾತಿ ಬಿದ್ದದ. ಪರದೇಶದ ಸಾಮಾನಲ್ಲ? ಮುಂಬೈದಾಗ ಕಸ್ಟಮ್ಸಿನವರು ಹಾಕ್ಯಾರ. ಕಟ್ಟಿ ಬಿಡಿಸ್ಕೋಬೇಕು.”

ಅವರು ಮೊತ್ತ ಹೇಳಿದರು. ನಮ್ಮ ಮನೆಯವರು ಒಂದು ತಿಂಗಳಿಗೆ ಕಳಿಸುವಷ್ಟು.

“ಹಕ್ಕಿ ಆಟಿಗಿ ಅದರಿ. ಅದಕ್ಕಿಷ್ಟಾ?”

“ನಾ ಏನ್ ಮಾಡ್ಲಿ? ನೋಡಿಲ್ಲಿ, ನಿನ್ನ ಗಂಡನೇ ಬರದಾನ. ಕಿಮ್ಮತ್ತು ಎಂಬತ್ತು ರಿಯಾಲ್. ಅದರ ಮ್ಯಾಲೇ ಜಕಾತಿ.”

ಡಬ್ಬಿಗೆ ಅಂಟಿಸಿದ ಹಸಿರು ಕಾಗದದಲ್ಲಿ ನಮ್ಮ ಮನೆಯವರ ಕೈಬರಹ. ಎಂಟರ ಪಕ್ಕ ದುಂಡನೆಯ ಸೊನ್ನೆ.

ನನಗೆ ಆಗಲೇ ತಿಳಿಯಿತು. ನಮ್ಮ ಕಡೆ ಮದುವೆ, ತೊಟ್ಟಿಲಿಗೆ ಆಹೇರಿ ಮಾಡುತ್ತಾರೆ. ತಂದ ಉಡುಗೊರೆಯನ್ನು ಒಬ್ಬರು ಎದ್ದು ನಿಂತು ಕೂಗಿ ಹೇಳುತ್ತಾರೆ, ಇಂಥವರಿಂದ ಇಂಥದ್ದು, ಇಷ್ಟು ಕಿಮ್ಮತ್ತಿನದು ಎಂದು. ಯಾರೂ ಇದ್ದಷ್ಟು ಹೇಳಿಸುವುದಿಲ್ಲ. ಕೂಗುವವನಿಗೂ ಗೊತ್ತು, ಕೇಳುವವರಿಗೂ ಗೊತ್ತು. ಅದು ಸುಳ್ಳಲ್ಲ, ಕೂಸಿನ ಮರ್ಯಾದೆ. ಪಾಪ, ನಮ್ಮ ಮನೆಯವರು ಮಗಳ ತೊಟ್ಟಿಲಿಗೆ ಬರಲಾಗದೆ ಅಲ್ಲಿಂದಲೇ ಕೂಗಿ ಹೇಳಿದ್ದರು. ಕಸ್ಟಮ್ಸಿನವರಿಗೆ ಅದು ಆಹೇರಿ ಎಂದು ಹೇಗೆ ಗೊತ್ತಾಗಬೇಕು?

“ಎಷ್ಟು ದಿನ ಇಡ್ತೀರಿ?”

“ಹದಿನೈದು. ಇವತ್ತಿಗಿ ಹನ್ನೆರಡು ಆತು. ಆಮ್ಯಾಲ ಕಳಿಸಿದವರಿಗಿ ವಾಪಸ್.”

ನಮ್ಮಲ್ಲಿ ಆಹೇರಿ ತಿರುಗಿ ಕಳಿಸಿದರೆ ಸಂಬಂಧ ಮುಗಿಯಿತೆಂದೇ ಅರ್ಥ. ಆ ಡಬ್ಬಿ ಠಸ್ಸೆಯ ಮೇಲೆ ಠಸ್ಸೆ ಬಡಿಸಿಕೊಂಡು ದೋಹಾದ ಅವರ ಕೋಣೆಯ ಬಾಗಿಲಿಗೆ ಹೋಗಿ ನಿಂತರೆ, ಆ ಮನುಷ್ಯ ಏನೆಂದು ತಿಳಿದುಕೊಂಡಾರು? ನನ್ನ ಕಾಗದ ಅಲ್ಲಿ ಮುಟ್ಟಲು ಮೂರು ವಾರ ಬೇಕು.

ಮಾಸ್ತರರು ನನ್ನ ಮುಖ ನೋಡಿ ದನಿ ಇಳಿಸಿದರು. “ಒಂದು ದಾರಿ ಅದ. ಕಿಮ್ಮತ್ತು ಹೆಚ್ಚು ಬರದಾರ, ಖರೇ ಅಂದ್ರ ಇಷ್ಟೇ ಅಂತ ಅರ್ಜಿ ಕೊಡು. ಮುಂಬೈಗಿ ಕಳಸ್ತೀನಿ. ಉತ್ತರ ಬರೋತನಾ ಡಬ್ಬಿ ಇಲ್ಲೇ ಇರ್ತದ.”

“ನನ್ನ ಗಂಡ ತಂದದ್ದು ಹಗುರದ್ದು ಅಂತ ನಾನೇ ಬರದ್ ಕೊಡ್ಲೇನ್ರಿ?”

“ಹಗುರದ್ದು ಅಂತ ಯಾರು ಬರೀ ಅಂದ್ರು? ಕಿಮ್ಮತ್ತು ಕಮ್ಮಿ ಅಂತ ಬರೀ. ಎರಡೂ ಒಂದೇ ಏನು?”

ಆ ಮಾತು ಹಿಡಿದುಕೊಂಡು ಮನೆಗೆ ಬಂದೆ. ಜಕಾತಿಯ ಹಣ ಅಣ್ಣನನ್ನು ಕೇಳಿದ್ದರೆ ಕೊಡುತ್ತಿದ್ದ. ಆದರೆ ಎಂಟು ರಿಯಾಲಿನ ಕಥೆ ಅವನಿಗೂ ಗೊತ್ತಿತ್ತು. ಇಡೀ ತವರು ನಮ್ಮ ಮನೆಯವರನ್ನು ಆಡಿಕೊಂಡು ನಗುವುದು ನನಗೆ ಬೇಕಿರಲಿಲ್ಲ. ಎರಡು ದಿನ ಒಬ್ಬಳೇ ಕೂತೆ. ಕೂಸು ಮಲಗಿದರೆ ಮನೆಯಲ್ಲಿ ಸದ್ದೇ ಇಲ್ಲ. ಒಂದು ತಟ್ಟೆ, ಒಂದು ಲೋಟ. ಮರ ನಯ ಮಾಡುವ ಅವರ ಕೀಸುಳಿ ಗೂಟಕ್ಕೆ ಹಾಗೆಯೇ ತೂಗುಬಿದ್ದಿತ್ತು, ಅಂಚಿಗೆ ತುಕ್ಕು ಹಿಡಿದಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ. ಅವರು ಸಿಟ್ಟಾದರೂ ಆಗಲಿ, ಎದುರಿಗೆ ನಿಂತು ಸಿಟ್ಟಾಗಲಿ ಅನ್ನಿಸಿತು.

ಮೂರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಆಯಿ ಬಂದಳು. ಮುಡಬಿಯಿಂದ ಬಂದು ನೆಲೆಸಿದ ಮುದುಕಿ, ರೊಟ್ಟಿ ಬಡಿದು ಬದುಕುತ್ತಿದ್ದಳು. ಎಲ್ಲ ಕೇಳಿಸಿಕೊಂಡು ಅಂದಳು: “ಅಂವಗ ಸಿಟ್ಟು ಬರಬಾರದಂತ ಅಂವ ಕಳಿಸಿದ್ದನ್ನ ವಾಪಸ್ ಕಳಸ್ತೀ? ನಿನ್ನಂಥ ಶಾಣ್ಯಾಕಿನ್ನ ನಾ ಎಲ್ಲೂ ಕಂಡಿಲ್ಲ ಬಿಡವಾ! ಬರೀ ಸುಮ್ನ. ಕೂಸು ನಾ ಹಿಡೀತೀನಿ.”

ಬೇರೆಯವರ ಕೈಯಿಂದ ಬರೆಸಿದರೆ ಊರೆಲ್ಲ ಹರಡುತ್ತದೆಂದು ನಾನೇ ಬರೆದೆ. ‘ಸಾಹೇಬರಿಗೆ ನಮಸ್ಕಾರ. ಈ ಹಕ್ಕಿ ಎಂಟು ರಿಯಾಲಿನದು. ನಮ್ಮ ಮನೆಯವರು ಸುಳ್ಳು ಹೇಳುವವರಲ್ಲ. ನಮ್ಮಲ್ಲಿ ಆಹೇರಿಗೆ ಹೆಚ್ಚು ಹೇಳುವ ರೂಢಿ ಇದೆ. ಕೂಸಿಗೆ ಐದು ತಿಂಗಳು. ಅಪ್ಪ ಇನ್ನೂ ನೋಡಿಲ್ಲ. ತಿರುಗಿ ಕಳಿಸಬಾರದು.’ ಇಷ್ಟಕ್ಕೆ ಒಂದು ಹೊತ್ತು ಹಿಡಿಯಿತು. ಸಹಿ ಮಾಡುವಾಗ ಅವರ ಬೆನ್ನ ಹಿಂದೆ ಮಾತಾಡಿದಂತೆ ಅನ್ನಿಸಿತು.

ಮಾಸ್ತರರು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. “ಇದನ್ನ ಇಂಗ್ಲಿಷಿನಾಗ ಮಾಡಿ ಜೋಡಿ ಹಚ್ತೀನಿ. ಆಹೇರಿಗಿ ಇಂಗ್ಲಿಷಿನಾಗ ಏನಂತಾರೋ ನನಗೂ ಗೊತ್ತಿಲ್ಲ.”

ಒಂದೂವರೆ ತಿಂಗಳು ಕಾದೆ. ಸಂತೆಗೆ ಹೋದಾಗಲೆಲ್ಲ ಪೋಸ್ಟ್ ಆಫೀಸಿನ ಮುಂದೆ ನಿಲ್ಲುತ್ತಿದ್ದೆ. ಮಾಸ್ತರರು ಕಿಟಕಿಯಿಂದಲೇ ಇಲ್ಲವೆಂದು ತಲೆಯಾಡಿಸುತ್ತಿದ್ದರು. ಒಳಗೆ ಕಪಾಟಿನ ಮೇಲೆ ಬಿಳಿ ಡಬ್ಬಿ ಕಾಣುತ್ತಿತ್ತು. ಒಮ್ಮೆ ಕೂಸನ್ನು ಎತ್ತಿ ತೋರಿಸಿದೆ, ಅಲ್ಲಿ ನೋಡು ನಿಮ್ಮಪ್ಪ ಎಂದು. ಬಾಯಿ ತಪ್ಪಿ ಬಂದ ಮಾತು.

ಕೊನೆಗೆ ಒಂದು ದಿನ ಮಾಸ್ತರರ ತಲೆ ಬೇರೆ ಥರ ಆಡಿತು. ಮುಂಬೈಯಿಂದ ಬಂದ ಕಾಗದದಲ್ಲಿ ಎಂಬತ್ತನ್ನು ಕೆಂಪು ಶಾಯಿಯಲ್ಲಿ ಹೊಡೆದು ಎಂಟು ಎಂದು ಬರೆದಿದ್ದರು. ಜಕಾತಿ ನನ್ನ ಸೆರಗಿನ ಗಂಟಿನಲ್ಲಿದ್ದುದರಲ್ಲೇ ಮುಗಿಯಿತು. ಮನೆಗೆ ಬಂದು ಹೊಲಿಗೆ ಬಿಚ್ಚಿ, ಸೂರಿಗೆ ಕಟ್ಟಿ, ಕೀಲಿ ಕೊಟ್ಟೆ. ಹಕ್ಕಿಗಳು ಸುತ್ತತೊಡಗಿದವು. ಮಗಳು ಕೈಕಾಲು ಆಡಿಸುವುದನ್ನೇ ಮರೆತು ನೋಡಿದಳು. ಹಾಡು ನಿಂತಿತು, ಮತ್ತೆ ಕೀಲಿ ಕೊಟ್ಟೆ. ನಿಂತರೆ ಮನೆ ಮತ್ತೆ ಖಾಲಿಯಾಗುತ್ತಿತ್ತು. ಅದಕ್ಕೇ ಬೆರಳು ನೋಯುವ ತನಕ ಕೊಟ್ಟೆ.

ಎರಡು ವರ್ಷಕ್ಕೆ ಅವರು ಬಂದರು. ಮಗಳು ಅವರನ್ನು ಕಂಡು ಅತ್ತು ನನ್ನ ಹಿಂದೆ ಅಡಗಿದಳು. ಅವರ ಮುಖ ಬಾಡಿತು. ಹಕ್ಕಿಯ ಕಡೆ ನೋಡಿ ಕೇಳಿದರು, “ಜಕಾತಿ ಭಾಳ ಹಿಡಿದ್ರೇನ?”

“ಭಾಳ ಅಂದ್ರ ಭಾಳ! ಪೋಸ್ಟ್ ಮಾಸ್ತರ್ ಸುದ್ದಾ ಗಾಬರಿ ಆದ್ರು,” ಅಂದೆ.

ಆಯಿ ಹೊಸ್ತಿಲಲ್ಲಿ ಕೂತಿದ್ದಳು. “ಎಂಬತ್ತರ ಸಾಮಾನಿಗಿ ಅಷ್ಟು ಹಿಡಿಲಾರದೇ ಬಿಡ್ತಾರೇನೋ ತಮ್ಮಾ?” ಎಂದಳು, ಕಣ್ಣು ಮಿಟುಕಿಸದೆ. ಅವರು ಮೀಸೆ ತಿದ್ದಿಕೊಂಡು ಆ ಸಂಜೆ ಓಣಿ ತುಂಬ ತಿರುಗಿದರು. ಕೆಂಪು ಶಾಯಿಯ ಕಾಗದ ನನ್ನ ಟ್ರಂಕಿನ ತಳದಲ್ಲಿತ್ತು. ಅವರು ಇರುವ ತನಕ ಹೊರಗೆ ತೆಗೆಯಲಿಲ್ಲ. ದೋಹಾಕ್ಕೆ ಹೋಗುತ್ತ ಬರುತ್ತ ಇದ್ದರು. ಒಟ್ಟುಗೂಡಿಸಿದರೆ ನಾವಿಬ್ಬರೂ ಜೊತೆಯಲ್ಲಿದ್ದ ದಿನಗಳು ಬಹಳ ಆಗುವುದಿಲ್ಲ. ಈಗ ಅವರಿಲ್ಲ.

ಮೊನ್ನೆ ತೊಟ್ಟಿಲ ದಿನ ಶಾಮಿಯಾನಾ ಹಾಕಿ ಮೈಕು ತರಿಸಿದ್ದೆವು. ಆಹೇರಿ ಕೂಗುವವನು ಹಕ್ಕಿಯನ್ನು ನೋಡಿ, “ಇದು ಯಾರದ್ರೀ ಆಯೀ?” ಎಂದು ನನ್ನನ್ನು ಕೇಳಿದ.

“ಕೂಸಿನ ಮುತ್ಯಾಂದು, ನಮ್ಮ ಮನಿಯವರದು,” ಅಂದೆ. “ಎಂಬತ್ತು ರಿಯಾಲ್ ಅಂತ ಕೂಗು. ಜೋರಾಗಿ ಕೂಗು.”